ಮೂರು ಹೆಸರಿನ ಹಡಗು

ಕಳೆದ ದಸರಾ ರಜೆಗೆ ಮಗಳು ಮತ್ತು ಮೊಮ್ಮಗ ಬೆಂಗಳೂರಿನಿಂದ ಧಾರವಾಡಕ್ಕೆ ಬಂದಿದ್ದರು. ಮೊಮ್ಮಗನಿಗೆ ಹತ್ತು ವರ್ಷ. ಅವನಿಗೆ ಸಮುದ್ರ ನೋಡಬೇಕಿತ್ತು. ನನ್ನ ಹೆಂಡತಿಗೂ ಏನೋ ನೋಡುವುದಿತ್ತು. ಅದೇನೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಲವತ್ತೈದು ವರ್ಷದ ಸಂಸಾರದಲ್ಲಿ ಕೆಲವು ಸಂಗತಿಗಳನ್ನು ಕೇಳದೆಯೇ ತಿಳಿದುಕೊಳ್ಳುವುದು ರೂಢಿಯಾಗಿರುತ್ತದೆ.

ಬೆಳಗಿನ ಐದು ಗಂಟೆಗೆ ಬಾಡಿಗೆ ಕಾರಿನಲ್ಲಿ ಹೊರಟೆವು. ಕಲಘಟಗಿ ದಾಟಿ, ಯಲ್ಲಾಪುರದಲ್ಲಿ ಇಡ್ಲಿ ತಿಂದು, ಅರಬೈಲ್ ಘಟ್ಟ ಇಳಿದು ಅಂಕೋಲೆ ಸೇರಿದಾಗ ಒಂಬತ್ತೂವರೆ. ಅಲ್ಲಿಂದ ಕಾರವಾರದ ಕಡೆ ತಿರುಗಿದರೆ ಎಡಕ್ಕೆ ಸಮುದ್ರ. ಆದರೆ ಅರ್ಗಾ ಸಮೀಪಿಸುತ್ತಿದ್ದಂತೆ ಸಮುದ್ರದ ಬದಲು ಉದ್ದಕ್ಕೆ ಗೋಡೆ, ತಂತಿಬೇಲಿ, ಫೋಟೋ ತೆಗೆಯಬಾರದೆಂಬ ಬೋರ್ಡು. ಹೆಂಡತಿ ಕಿಟಕಿಗೆ ಮುಖ ಒತ್ತಿ ಕೂತಿದ್ದಳು.

"ಇಲ್ಲೇ ಎಲ್ಲೋ ನಮ್ಮ ಬಾವಿ ಇತ್ತು ನೋಡ್ರಿ," ಎಂದಳು.

ಕಾರು ನಿಲ್ಲಿಸಲು ಆಗುವ ಜಾಗವಲ್ಲ. ಅವಳ ಮಾತು ಮುಗಿಯುವಷ್ಟರಲ್ಲಿ ಆ 'ಇಲ್ಲಿ' ಹಿಂದೆ ಹೋಗಿತ್ತು.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಒಂದು ಯುದ್ಧನೌಕೆ ಇದೆ. ನೀರಿನಲ್ಲಲ್ಲ, ನೆಲದ ಮೇಲೆ. ಹೆಸರು ಐಎನ್‌ಎಸ್ ಚಪಲ್. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ 1976ರಲ್ಲಿ ನಮ್ಮ ನೌಕಾಪಡೆ ಸೇರಿದ ಕ್ಷಿಪಣಿ ದೋಣಿ ಅದು. ಉದ್ದ 39 ಮೀಟರಿನ ಒಳಗೆ, ವೇಗ ಮಾತ್ರ ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು. ಹೆಸರಿಗೆ ತಕ್ಕ ಚಪಲವೇ. 2005ರಲ್ಲಿ ನಿವೃತ್ತಿಯಾಗಿ, 2006ರಿಂದ ಅಲ್ಲಿ ವಸ್ತುಸಂಗ್ರಹಾಲಯವಾಗಿ ಕೂತಿದೆ. ಮೊಮ್ಮಗ ಒಳಗೆಲ್ಲ ನುಸುಳಿ, ಏಣಿ ಹತ್ತಿ ಇಳಿದು, ಬೆವರುತ್ತ ಹೊರಗೆ ಬಂದು ಕೇಳಿದ:

"ಅಜ್ಜಾ, ಸೋವಿಯತ್ ಅಂದ್ರ ಯಾವ ದೇಶ? ನಮ್ಮ ಅಟ್ಲಾಸ್‌ನಾಗ ಇಲ್ಲಲ್ಲ?"

ನನಗೆ ನಗು ಬಂತು. ನಾನು ಅವನಷ್ಟಿದ್ದಾಗ ಆ ದೇಶ ಭೂಪಟದ ಆರನೇ ಒಂದು ಭಾಗ ತುಂಬಿಕೊಂಡಿತ್ತು. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆ ಸಿಕ್ಕರೆ ನಾವು ಶಾಲೆಯ ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದೆವು.

"ಇತ್ತಪ್ಪಾ. 1991ರಾಗ ಒಡೆದು ಹದಿನೈದು ದೇಶ ಆತು."

"ಹಂಗಾರ ಅವರ ಹಡಗೆಲ್ಲಾ ಯಾರ್ದಾದ್ವು?"

ಇದು ಗುಮಾಸ್ತನಿಗೆ ಕೇಳಬೇಕಾದ ಪ್ರಶ್ನೆಯೇ ಸರಿ. ಒಂದು ಖಾತೆ ಮುಚ್ಚಿದರೆ ಅದರಲ್ಲಿದ್ದ ಶಿಲ್ಕು ಎಲ್ಲಿಗೆ ಹೋಯಿತು ಎಂದು ಹುಡುಕುವುದರಲ್ಲೇ ನನ್ನ ಮೂವತ್ತೈದು ವರ್ಷ ಕಳೆದಿವೆ. ಚಪಲ್ ಮೊದಲಿನಿಂದಲೂ ನಮ್ಮದೇ. ಅದಕ್ಕೆ ಬೇರೆ ಯಜಮಾನರಿರಲಿಲ್ಲ. ಆದರೆ ನಾವು ದಾಟಿ ಬಂದ ಆ ಗೋಡೆಯ ಆಚೆ ಇನ್ನೊಂದು ಸೋವಿಯತ್ ಹಡಗಿಗೆ ಮನೆ ಇದೆ. ಅದರ ಖಾತೆ ಎರಡು ಸಲ ವರ್ಗವಾಗಿದೆ, ಹೆಸರು ಎರಡು ಸಲ ಬದಲಾಗಿದೆ. ಆ ಕಥೆ ಹೇಳುತ್ತೇನೆಂದು ಮಾತು ಕೊಟ್ಟೆ.

ಹೆಂಡತಿಯ ತವರಿನ ಕಡೆಯ ಸುದ್ದಿ ಎಂದು ಕಾರವಾರದ ಬಗ್ಗೆ ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಒಂದು ಫೈಲಿನಲ್ಲಿ ಇಡುವ ಅಭ್ಯಾಸ ನನ್ನದು. ಧಾರವಾಡಕ್ಕೆ ಮರಳಿದ ಮೇಲೆ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆ ಫೈಲು ಬಿಚ್ಚಿದೆ. ಒಂದು ಹಳೆಯ ಕೀರ್ದಿ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು. ಮೊಮ್ಮಗನ ಕೈಗೆ ಪೆನ್ನು ಕೊಟ್ಟು, "ಬರಿ, ಹಡಗಿನ ಖಾತೆ ತೆಗಿಯೋಣ" ಎಂದೆ. ನಾಲ್ಕು ಕಾಲಮ್ಮು: ವರ್ಷ, ಹೆಸರು, ಯಜಮಾನರು, ಖರ್ಚು.

ಮೊದಲ ಸಾಲು: 1978. ಕಪ್ಪು ಸಮುದ್ರದ ಹತ್ತಿರ ನಿಕೊಲಾಯೆವ್ ಎಂಬ ಊರಿನ ಹಡಗುಕಟ್ಟೆಯಲ್ಲಿ ಇದರ ಕೆಲಸ ಶುರುವಾಯಿತು. ನಾನು ಮಲಪ್ರಭಾ ಗ್ರಾಮೀಣ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ್ದೂ ಅದೇ ವರ್ಷ. 1982ರಲ್ಲಿ ಹಡಗು ನೀರಿಗಿಳಿಯಿತು, 1987ರಲ್ಲಿ ಸೋವಿಯತ್ ನೌಕಾಪಡೆ ಸೇರಿತು. 'ಕೀವ್' ಎಂಬ ಹಡಗಿನ ಮಾದರಿಯಲ್ಲಿ ಕಟ್ಟಿದ ನಾಲ್ಕು ವಿಮಾನವಾಹಕ ನೌಕೆಗಳಲ್ಲಿ ಇದು ಕೊನೆಯದು. ಹೆಸರು 'ಬಾಕು'. ಅದು ಅಜರ್‌ಬೈಜಾನ್ ಪ್ರಾಂತ್ಯದ ರಾಜಧಾನಿಯ ಹೆಸರು.

ಸೋವಿಯತ್ ಒಕ್ಕೂಟ ಒಡೆಯಿತು. ನಿಕೊಲಾಯೆವ್ ಉಕ್ರೇನಿನ ಪಾಲಾಯಿತು. ಬಾಕು ನಗರ ಸ್ವತಂತ್ರ ಅಜರ್‌ಬೈಜಾನಿನ ರಾಜಧಾನಿಯಾಯಿತು. ಹಡಗು ರಷ್ಯಾದ ಕೈಯಲ್ಲಿ ಉಳಿಯಿತು. ಹುಟ್ಟಿದ ಮನೆ ಒಂದು ದೇಶದ್ದು, ಹೆಸರು ಇನ್ನೊಂದು ದೇಶದ ಊರಿನದು, ಸಂಬಳ ಕೊಡುವವರು ಮೂರನೇ ದೇಶದವರು. ಆ ಗೊಂದಲದ ದಿನಗಳಲ್ಲೇ ಹಳೆಯ ಹೆಸರು ಹೋಗಿ 'ಅಡ್ಮಿರಲ್ ಗೋರ್ಷ್ಕೊವ್' ಎಂಬ ಹೆಸರು ಬಂತು. ಸೆರ್ಗೆಯ್ ಗೋರ್ಷ್ಕೊವ್ ಎಂದರೆ ಸುಮಾರು ಮೂವತ್ತು ವರ್ಷ ಸೋವಿಯತ್ ನೌಕಾಪಡೆಯನ್ನು ನಡೆಸಿದವರು.

"ಇದ್ದಲ್ಲೇ ಇದ್ದು ಹೆಸರು ಹೆಂಗ ಬದಲಾಗ್ತದ?" ಮೊಮ್ಮಗನಿಗೆ ನಂಬಿಕೆ ಬರಲಿಲ್ಲ.

ನಾನು ನನ್ನದೇ ಉದಾಹರಣೆ ಕೊಟ್ಟೆ. ನಾನು ಹುಟ್ಟಿದ್ದು 1953ರಲ್ಲಿ, ಇದೇ ಧಾರವಾಡದಲ್ಲಿ. ಆಗ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಅದೇ ಕರ್ನಾಟಕವಾಯಿತು. ನಾನು ಇದ್ದಲ್ಲೇ ಇದ್ದೆ, ರಾಜ್ಯದ ಹೆಸರು ಎರಡು ಸಲ ಬದಲಾಯಿತು. ನನ್ನ ಬ್ಯಾಂಕಿನದೂ ಅದೇ ಕಥೆ. 1976ರಲ್ಲಿ ಹುಟ್ಟಿದ ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಬೇರೆ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ ತಿಂಗಳಿನಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕ್. ಬೋರ್ಡು ಬದಲಾದ ಮರುದಿನವೂ ಹಳ್ಳಿಯ ಅಜ್ಜಿ ಬಂದು "ನಮ್ಮ ಮಲಪ್ರಭಾ ಬ್ಯಾಂಕು" ಎಂದೇ ಕೇಳುತ್ತಿದ್ದಳು. ಅವಳ ನೂರಾ ಐವತ್ತು ರೂಪಾಯಿ ಇದ್ದಲ್ಲೇ ಇತ್ತು.

ಹೆಸರು ಬದಲಾದರೆ ಹಡಗಿಗೆ ನೋವಾಗುವುದಿಲ್ಲ. ಹಡಗಿಗೆ ನೋವಾಗುವುದು ನೋಡಿಕೊಳ್ಳುವವರ ಕೈ ಖಾಲಿಯಾದಾಗ. 1994ರಲ್ಲಿ ಗೋರ್ಷ್ಕೊವ್‌ನ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಯಿತು. ರಿಪೇರಿಗೆ ನಿಲ್ಲಿಸಿದರು. ರಷ್ಯಾದಲ್ಲಿ ಆಗ ಸರ್ಕಾರಿ ನೌಕರರಿಗೆ ಸಂಬಳಕ್ಕೇ ತತ್ವಾರ. ಇಷ್ಟು ದೊಡ್ಡ ಹಡಗಿಗೆ ಎಣ್ಣೆ, ಬಣ್ಣ, ಆಳು ಎಲ್ಲಿಂದ ತರುವುದು? 1996ರಲ್ಲಿ ಸೇವೆಯಿಂದಲೇ ತೆಗೆದರು. ಎಂಟೊಂಬತ್ತು ವರ್ಷದ ನೌಕರಿಗೇ ನಿವೃತ್ತಿ.

ಅದರ ಮೂವರು ಅಕ್ಕಂದಿರ ಗತಿಯನ್ನೂ ಬರೆಸಿದೆ. ಮೊದಲನೆಯದು ಕೀವ್. ಚೀನಾದ ಕಂಪನಿ ಕೊಂಡಿತು. ಈಗ ಟಿಯಾಂಜಿನ್ ನಗರದಲ್ಲಿ ಮನರಂಜನಾ ಪಾರ್ಕು, ಅದರೊಳಗೆ ಐಷಾರಾಮಿ ಹೋಟೆಲು. ಎರಡನೆಯದು ಮಿನ್ಸ್ಕ್. ಗುಜರಿಗೆಂದು ದಕ್ಷಿಣ ಕೊರಿಯಾಕ್ಕೆ ಹೋಗಿ, ಅಲ್ಲಿಂದ ಚೀನಾಕ್ಕೆ ಮಾರಾಟವಾಗಿ, 2000ದಲ್ಲಿ ಶೆನ್‌ಜೆನ್ ನಗರದಲ್ಲಿ 'ಮಿನ್ಸ್ಕ್ ವರ್ಲ್ಡ್' ಎಂಬ ಪಾರ್ಕಾಯಿತು. ಆ ಕಂಪನಿ ದಿವಾಳಿಯಾಗಿ ಹಡಗು ಹರಾಜಿಗೆ ಬಂತು. 2016ರಲ್ಲಿ ಬೇರೆ ಊರಿಗೆ ಎಳೆದುಕೊಂಡು ಹೋದರು. 2024ರ ಆಗಸ್ಟಿನಲ್ಲಿ ಅಲ್ಲಿ ಬೆಂಕಿ ಬಿದ್ದು ಸುಟ್ಟಿತು. ಮೂರನೆಯದು ನೊವೊರೊಸ್ಸಿಸ್ಕ್. ಅದನ್ನು ಕೊರಿಯಾದಲ್ಲಿ ಒಡೆದು ಗುಜರಿ ಮಾಡಿದರು. ಒಂದೇ ಮನೆಯ ನಾಲ್ಕು ಹೆಣ್ಣುಮಕ್ಕಳನ್ನು ನಾಲ್ಕು ಮನೆಗೆ ಕೊಟ್ಟ ಹಾಗೆ.

"ಜನಾ ಕೂತು ಹೋಗೋ ಹಡಗಿಗೂ ಹಿಂಗ ಆಗ್ತದೇನು ಅಜ್ಜಾ?" ಎಂದ.

ಆಗುತ್ತದೆ. ಫೈಲಿನಲ್ಲಿ ಅದಕ್ಕೂ ಒಂದು ತುಣುಕಿತ್ತು. 1965ರಲ್ಲಿ ಪೂರ್ವ ಜರ್ಮನಿಯ ವಿಸ್ಮಾರ್ ಎಂಬಲ್ಲಿ ಸೋವಿಯತ್‌ಗಾಗಿ ಒಂದು ಪ್ರಯಾಣಿಕರ ಹಡಗು ಕಟ್ಟಿದರು. ಒಟ್ಟು ಐದು ಹಡಗು, ಐದಕ್ಕೂ ಕವಿಗಳ, ಸಾಹಿತಿಗಳ ಹೆಸರು. ಇದಕ್ಕೆ ಇಟ್ಟದ್ದು ರಷ್ಯಾದ ಮಹಾಕವಿಯ ಹೆಸರು, 'ಅಲೆಕ್ಸಾಂಡರ್ ಪುಷ್ಕಿನ್'. ಲೆನಿನ್‌ಗ್ರಾಡಿನಿಂದ ಕೆನಡಾದ ಮಾಂಟ್ರಿಯಲ್‌ಗೆ ಅದು ಜನರನ್ನು ಒಯ್ಯುತ್ತಿತ್ತು. ಆಮೇಲೆ ವಿದೇಶಿ ಪ್ರವಾಸಿಗರ ವಿಹಾರಕ್ಕೆ ಬಾಡಿಗೆಗೆ ಬಿಟ್ಟರು. ಸೋವಿಯತ್‌ಗೆ ಡಾಲರು, ಪೌಂಡು ಬೇಕಿತ್ತು. 1991ರಲ್ಲಿ ಓರಿಯಂಟ್ ಲೈನ್ಸ್ ಎಂಬ ಕಂಪನಿಗೆ ಮಾರಾಟ. ಗ್ರೀಸಿನಲ್ಲಿ ಎರಡು ವರ್ಷ ರಿಪೇರಿಯಾಗಿ 1993ರಲ್ಲಿ ಹೊರಬಂದಾಗ ಹೆಸರು 'ಮಾರ್ಕೊ ಪೋಲೊ'. ಹಿಮದ ನೀರಿಗೂ ಜಗ್ಗದ ಗಟ್ಟಿ ಮೈ. ಅಂಟಾರ್ಕ್ಟಿಕಾಕ್ಕೂ ಹೋಗಿ ಬಂತು. ಆಮೇಲೆ ಅಮೆರಿಕದ ಕಡೆಯ ಕಂಪನಿ, ಗ್ರೀಕ್ ಕಂಪನಿ, ಜರ್ಮನಿಯ ಕಂಪನಿ, ಕೊನೆಗೆ ಬ್ರಿಟನ್ನಿನ ಕಂಪನಿ. ಐವತ್ತೈದು ವರ್ಷ ದುಡಿಯಿತು. 2020ರಲ್ಲಿ ಕೊರೊನಾ ಬಂದು ವಿಹಾರ ನಿಂತಿತು, ಕಂಪನಿ ಮುಳುಗಿತು, ಹಡಗು ಹರಾಜಾಯಿತು. 2021ರ ಜನವರಿಯಲ್ಲಿ ಅದು ಬಂದು ನಿಂತದ್ದು ನಮ್ಮ ಗುಜರಾತಿನ ಅಲಂಗ್ ಕಡಲತೀರದಲ್ಲಿ. ಹಡಗು ಒಡೆಯುವ ಊರು ಅದು. ಪುಷ್ಕಿನ್ ಎಂದು ಹುಟ್ಟಿ, ಪೋಲೊ ಎಂದು ಬಾಳಿ, ಕೊನೆಗೆ ಹೆಸರಿಲ್ಲದ ಕಬ್ಬಿಣವಾಯಿತು.

ಮೊಮ್ಮಗ ಪೆನ್ನು ಕೆಳಗಿಟ್ಟ. "ಕಥಿ ಛಲೋ ಇಲ್ಲ" ಎಂದ.

"ತಡಿ, ನಮ್ಮ ಹಡಗು ಅಲಂಗಿಗೆ ಹೋಗಲಿಲ್ಲ," ಎಂದು ಮತ್ತೆ ಕಾರವಾರದ ದಾರಿ ಹಿಡಿದೆ.

ಗೋರ್ಷ್ಕೊವ್ ಖಾಲಿ ನಿಂತಿದ್ದಾಗ ಭಾರತಕ್ಕೆ ವಿಮಾನವಾಹಕ ನೌಕೆ ಬೇಕಿತ್ತು. ಹಳೆಯ 'ವಿಕ್ರಾಂತ್' 1997ರಲ್ಲಿ ನಿವೃತ್ತವಾಗಿತ್ತು, 'ವಿರಾಟ್'ಗೂ ವಯಸ್ಸಾಗಿತ್ತು. ರಷ್ಯಾದವರು ಹೇಳಿದ್ದು: ಹಡಗು ಪುಕ್ಕಟೆ, ರಿಪೇರಿಯ ಖರ್ಚು ಮಾತ್ರ ನಿಮ್ಮದು. 2004ರ ಜನವರಿಯಲ್ಲಿ ಒಪ್ಪಂದವಾಯಿತು. ರಿಪೇರಿಯ ಮೊತ್ತ 97.4 ಕೋಟಿ ಡಾಲರ್. 2008ಕ್ಕೆ ಹಡಗು ಕೈಗೆ ಬರಬೇಕು.

ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎಂದು ಹಿರಿಯರು ಹೇಳುತ್ತಾರೆ. ಬ್ಯಾಂಕಿನಲ್ಲಿ ನಮಗೆ ಕಲಿಸಿದ್ದು ಉಲ್ಟಾ: ಹಲ್ಲು ಮೊದಲು ಎಣಿಸು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಗೆ ನಾನು ಇನ್ನೊಂದು ಸೇರಿಸುತ್ತೇನೆ: ಹಳೇ ಮನೆ ರಿಪೇರಿ ಮಾಡಿ ನೋಡು. ಮಾಳಮಡ್ಡಿಯ ಈ ಮನೆಯ ಹೆಂಚು ಹೊದಿಸಲು ಹಿಂದೊಮ್ಮೆ ಗೌಂಡಿ ಎರಡು ಲಕ್ಷ ಎಂದಿದ್ದ. ಹೆಂಚು ತೆಗೆದಾಗ ರೀಪು ಹುಳ ತಿಂದಿತ್ತು. ರೀಪು ತೆಗೆದಾಗ ತೊಲೆ. ತೊಲೆ ತೆಗೆದಾಗ ಗೋಡೆ. ಲೆಕ್ಕ ಮುಗಿದಾಗ ಐದು ಲಕ್ಷ. ಗೌಂಡಿ ಮೋಸ ಮಾಡಿದನೆಂದು ನಾನು ಹೇಳಲಾರೆ. ಮುಚ್ಚಿದ ಗೋಡೆಯೊಳಗೆ ಏನಿದೆ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹಡಗಿನದೂ ಅದೇ ಆಯಿತು. ಉತ್ತರ ರಷ್ಯಾದಲ್ಲಿ, ಶ್ವೇತ ಸಮುದ್ರದ ದಂಡೆಯ ಸೆವೆರೊದ್ವಿನ್ಸ್ಕ್ ಎಂಬಲ್ಲಿ ಕೆಲಸ ಶುರುವಾಯಿತು. ಮುಂಭಾಗದಲ್ಲಿದ್ದ ಕ್ಷಿಪಣಿಗಳನ್ನು ಕಿತ್ತು, ವಿಮಾನ ಜಿಗಿದು ಹಾರಲು ಜಾರುಬಂಡೆಯನ್ನು ತಲೆಕೆಳಗು ಮಾಡಿದಂತಹ ಏರುದಾರಿ ಕಟ್ಟಬೇಕು. ಒಳಗಿನ 2,500 ಕೋಣೆಗಳಲ್ಲಿ ಸುಮಾರು 1,750ನ್ನು ಹೊಸದಾಗಿ ಮಾಡಬೇಕಾಯಿತು. ಬಿಚ್ಚಿದಷ್ಟೂ ಕೆಲಸ ಬೆಳೆಯಿತು. 2008 ಎಂದವರು 2012 ಎಂದರು. 2012ರಲ್ಲಿ ಸಮುದ್ರಕ್ಕೆ ಇಳಿಸಿ ಪರೀಕ್ಷಿಸಿದಾಗ ಎಂಟು ಬಾಯ್ಲರ್‌ಗಳ ಪೈಕಿ ಏಳು ಕೈಕೊಟ್ಟವು. ಮತ್ತೆ ಒಂದು ವರ್ಷ. ಈ ನಡುವೆ 2010ರಲ್ಲಿ ಮೊತ್ತ 235 ಕೋಟಿ ಡಾಲರಿಗೆ ಏರಿತ್ತು. ಮೊದಲಿನ ಲೆಕ್ಕದ ಎರಡು ಪಟ್ಟಿಗೂ ಮಿಕ್ಕಿ. ಹೊಸ ಹಡಗಿಗೆ ಆಗುವುದಕ್ಕಿಂತ ಶೇಕಡಾ 60ರಷ್ಟು ಹೆಚ್ಚು ಹಣ ಕೊಟ್ಟು, ಕಡಿಮೆ ಆಯುಷ್ಯದ ಹಳೆಯ ಹಡಗು ಕೊಳ್ಳುತ್ತಿದ್ದೇವೆ ಎಂದು 2009ರಲ್ಲೇ ನಮ್ಮ ಮಹಾಲೇಖಪಾಲರು ಟೀಕಿಸಿದ್ದರು. ಅರ್ಧ ದಾರಿಯಲ್ಲಿ ಬಿಡುವಂತೆಯೂ ಇಲ್ಲ. ಹೆಂಚು ತೆಗೆದ ಮನೆಯನ್ನು ಮಳೆಗಾಲದಲ್ಲಿ ಬಿಟ್ಟು ಹೋಗುವುದುಂಟೆ?

ಕೊನೆಗೂ 2013ರ ನವೆಂಬರ್ 16ರಂದು ಆ ಊರಿನಲ್ಲೇ ಹಡಗಿನ ಮೇಲೆ ನಮ್ಮ ನೌಕಾಪಡೆಯ ಧ್ವಜ ಏರಿತು. ರಕ್ಷಣಾ ಸಚಿವ ಎ.ಕೆ. ಆಂಟನಿ ಅಲ್ಲಿದ್ದರು. ಮೂರನೆಯ ಹೆಸರು: ಐಎನ್‌ಎಸ್ ವಿಕ್ರಮಾದಿತ್ಯ. ನಾನು ನೌಕರಿಗೆ ಸೇರಿದ ವರ್ಷ ಕೆಲಸ ಶುರುವಾದ ಹಡಗು, ನಾನು ನಿವೃತ್ತನಾದ ವರ್ಷ ನಮ್ಮ ದೇಶದ ನೌಕರಿಗೆ ಸೇರಿತು.

ಹೆಸರು ಕೇಳಿ ಮೊಮ್ಮಗ ಎದ್ದು ನಿಂತ. ಚಂದಮಾಮದಲ್ಲಿ ನಾನು ಓದಿದ್ದ ಬೇತಾಳನ ಕಥೆಗಳನ್ನು ಅವನಿಗೆ ಹೇಳಿ ಮಲಗಿಸುತ್ತಿದ್ದವನು ನಾನೇ. "ಛಲ ಬಿಡದ ತ್ರಿವಿಕ್ರಮ! ಅದಕ್ಕ ಆ ಹೆಸರಿಟ್ಟಾರ?" ಎಂದ. ಇಟ್ಟವರ ಮನಸ್ಸಿನಲ್ಲಿ ಏನಿತ್ತೋ. ಅವನ ಅರ್ಥವೇ ನನಗೆ ಸರಿಕಂಡಿತು. ಹಿಡಿದ ಪ್ರತಿ ಸಲವೂ ಮತ್ತೆ ಮರಕ್ಕೆ ಹಾರುವ ಬೇತಾಳನಂತೆ ಈ ಹಡಗಿನ ತಾರೀಖು ಹಾರುತ್ತಲೇ ಇತ್ತಲ್ಲ.

ಶ್ವೇತ ಸಮುದ್ರದಿಂದ ಹೊರಟು, ಅಟ್ಲಾಂಟಿಕ್ ಇಳಿದು, ಮೆಡಿಟರೇನಿಯನ್, ಸೂಯೆಜ್ ಕಾಲುವೆ, ಕೆಂಪು ಸಮುದ್ರ ದಾಟಿ, 2014ರ ಜನವರಿಯಲ್ಲಿ ಅದು ಕಾರವಾರ ತಲುಪಿತು. 284 ಮೀಟರ್ ಉದ್ದ, 44,500 ಟನ್ ತೂಕ, 1,600ಕ್ಕೂ ಹೆಚ್ಚು ಜನರ ಸಂಸಾರ. ಆ ಸಂಸಾರಕ್ಕೆ ತಿಂಗಳಿಗೆ ಸುಮಾರು ಒಂದು ಲಕ್ಷ ಮೊಟ್ಟೆ, 20,000 ಲೀಟರ್ ಹಾಲು, 16 ಟನ್ ಅಕ್ಕಿ ಬೇಕಂತೆ. ಇದನ್ನು ಬರೆಯುವಾಗ ಮೊಮ್ಮಗ ಅಡುಗೆಮನೆಗೆ ಓಡಿ ಅಜ್ಜಿಗೆ ಹೇಳಿ ಬಂದ. "ಅಷ್ಟು ಅನ್ನಕ್ಕ ಸಾರು ಎಷ್ಟು ಮಾಡಬೇಕಾತು, ಕೇಳು ನಿಮ್ಮಜ್ಜಗ" ಎಂದು ಅವಳು ಒಳಗಿನಿಂದಲೇ ಕೂಗಿದಳು. ಕೊನೆಯ ತುಣುಕು 2024ರ ನವೆಂಬರಿನದು: ಈ ಹಡಗಿನ ದುರಸ್ತಿಗೆ ಕೊಚ್ಚಿ ಹಡಗುಕಟ್ಟೆಯ ಜೊತೆ 1,207.5 ಕೋಟಿ ರೂಪಾಯಿಯ ಒಪ್ಪಂದ. ಖರ್ಚಿನ ಕಾಲಮ್ಮು ಮುಗಿಯುವುದಿಲ್ಲ.

ಇಷ್ಟು ಬರೆದು ಖಾತೆ ಮುಗಿಯಿತೆಂದು ನಾನು ಗೆರೆ ಎಳೆಯಲು ಹೊರಟೆ. ಮೊಮ್ಮಗ ತಡೆದ. ತೊಲೆಗೆ ತಲೆಕೆಳಗಾಗಿ ನೇತಾಡುವಂತೆ ಕೈ ಮೇಲೆತ್ತಿ, ದನಿ ದಪ್ಪ ಮಾಡಿ, ಬೇತಾಳನ ಹಾಗೆ ಕೇಳಿದ:

"ಎಲೈ ರಾಜಾ! ಕಟ್ಟಿದವರು ಉಕ್ರೇನಿನವರು. ರೊಕ್ಕಾ ಹಾಕಿದವರು ಸೋವಿಯತ್‌ನವರು. ಮಾರಿದವರು ರಷ್ಯಾದವರು. ಕೊಂಡವರು ನಾವು. ಹಂಗಾರ ಈ ಹಡಗು ಖರೇನ ಯಾರ್ದು? ಗೊತ್ತಿದ್ದೂ ಹೇಳದಿದ್ದರೆ ನಿನ್ನ ತಲೆ ಸಾವಿರ ಹೋಳಾದೀತು!"

ನಾನು ಗುಮಾಸ್ತನ ಉತ್ತರ ಕೊಟ್ಟೆ. "ಕಾಗದದಾಗ ಹೆಸರು ಯಾರದ್ದೇ ಇರಲಿ, ನೋಡ್ಕೊಳ್ಳೋ ಖರ್ಚು ಯಾರು ಹೊರ್ತಾರೋ ಅವರದು."

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. "ಒಂದು ಸಾಲು ಬಿಟ್ಟೀರಿ," ಎಂದಳು. "ಅದು ನಿಲ್ಲಲಿಕ್ಕೆ ಜಾಗಾ ಎಲ್ಲಿಂದ ಬಂತು, ಬರದಿಲ್ಲ."

ಬಿಟ್ಟದ್ದು ನಿಜ. ಫೈಲಿನಲ್ಲಿ ಇರಲಿಲ್ಲವೆಂದಲ್ಲ. ಎಲ್ಲಕ್ಕಿಂತ ಹಳೆಯ ತುಣುಕೇ ಅದು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಕಾರವಾರದ ಹತ್ತಿರ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು. 2005ರ ಮೇ 31ರಂದು ನೆಲೆ ಸೇವೆಗೆ ಬಂತು. ಬನವಾಸಿಯ ಅರಸರ ನೆನಪಿಗೆ ಐಎನ್‌ಎಸ್ ಕದಂಬ ಎಂದು ಹೆಸರಿಟ್ಟರು. ಈ ಎರಡು ತಾರೀಖುಗಳ ನಡುವೆ ಕಾರವಾರ–ಅಂಕೋಲೆ ದಂಡೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ತೋಟ ಬಿಟ್ಟು ಎದ್ದವು. ಅದರಲ್ಲಿ ನನ್ನ ಹೆಂಡತಿಯ ತವರೂ ಒಂದು.

ಮದುವೆಯಾದ ಹೊಸತರಲ್ಲಿ ನಾವು ಕೆಂಪು ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆವು. ರಸ್ತೆಯಿಂದ ಇಳಿದರೆ ಗದ್ದೆಯ ಬದುವಿನ ಮೇಲೆ ಹತ್ತು ನಿಮಿಷ, ಆಮೇಲೆ ತೆಂಗಿನ ತೋಟ, ತೋಟದ ನಡುವೆ ಬಾವಿ. ಆ ಬಾವಿಗೆ ಕಬ್ಬಿಣದ ರಾಟೆ. ನಸುಕಿನಲ್ಲಿ ಅತ್ತೆಯವರು ನೀರು ಸೇದುವಾಗ ಅದು ಕಿರ್‍ರ್ ಎನ್ನುವ ಸದ್ದಿಗೇ ನನಗೆ ಎಚ್ಚರ. ಎಣ್ಣೆ ಹಾಕಿಸಬಾರದೇ ಎಂದರೆ, "ಅದು ಕೂಗಿದರೆ ಮನೆ ಎದ್ದಿದೆ ಎಂದು ಅರ್ಥ" ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಮನೆ ಖಾಲಿ ಮಾಡುವ ದಿನ ಬಂತು. ಹೆಂಚು, ಬಾಗಿಲು, ಪಾತ್ರೆ ಎಲ್ಲ ಭಾವನವರ ಜೊತೆ ಪುನರ್ವಸತಿ ಕಾಲೊನಿಗೆ ಹೋದವು. ಅಲ್ಲಿ ನಳದ ನೀರು. ಅತ್ತೆಯವರು ರಾಟೆಯನ್ನು ಬಿಚ್ಚಿಸಿ, ಗೋಣಿಚೀಲದಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟರು. ಬೇರೆ ಏನೂ ಹೇಳಲಿಲ್ಲ.

ನಾನು ಯಾರನ್ನೂ ದೂರುತ್ತಿಲ್ಲ. ದೇಶಕ್ಕೆ ಬಂದರು ಬೇಕು, ಬಂದರಿಗೆ ನೆಲ ಬೇಕು. 2014ರಲ್ಲಿ ವಿಕ್ರಮಾದಿತ್ಯ ಬಂದ ಸುದ್ದಿ ಟಿವಿಯಲ್ಲಿ ನೋಡುವಾಗ ನನ್ನ ಹೆಂಡತಿಯೂ ಹೆಮ್ಮೆಯಿಂದ ನೋಡಿದಳು. ಆದರೆ ಆ ದಿನ ಅವಳು ಊಟ ಮಾಡಿದ್ದು ತಡವಾಗಿ. ಹಡಗಿನ ಹಳೆಯ ಹೆಸರುಗಳು ಪುಸ್ತಕದಲ್ಲಿ ಸಿಗುತ್ತವೆ. ಬಾಕು ಯಾವಾಗ ಗೋರ್ಷ್ಕೊವ್ ಆಯಿತು, ಎಷ್ಟಕ್ಕೆ ಮಾರಾಟವಾಯಿತು, ಎಲ್ಲಕ್ಕೂ ದಾಖಲೆ ಇದೆ. ಅವಳ ಅವ್ವನ ತೋಟದ ಮರಗಳಿಗೂ ಒಂದೊಂದು ಹೆಸರಿತ್ತು. ಅವು ಅವಳ ತಲೆಯಲ್ಲಿ ಮಾತ್ರ ಉಳಿದಿವೆ.

"ರಾಟಿ ಈಗ ಎಲ್ಲೈತಿ ಅಜ್ಜಿ?" ಮೊಮ್ಮಗ ಕೇಳಿದ.

ಹಿತ್ತಲಲ್ಲಿ, ನೀರೊಲೆಯ ಹಿಂದೆ ಇತ್ತು. ಇಪ್ಪತ್ತೈದು ವರ್ಷದ ಮಳೆ ತಿಂದು ತುಕ್ಕು ಹಿಡಿದಿತ್ತು. ಗಾಲಿ ತಿರುಗಲಿಲ್ಲ. ಖರ್ಚು ಹೊರುವವನೇ ಯಜಮಾನ ಎಂದು ಈಗಷ್ಟೇ ದೊಡ್ಡದಾಗಿ ಹೇಳಿದ್ದ ನನಗೆ ಅದನ್ನು ನೋಡಿ ನಾಚಿಕೆಯಾಯಿತು. ಸಾವಿರಾರು ಮೈಲಿ ಆಚೆಯ ಹಡಗಿನ ಬಾಯ್ಲರ್ ಲೆಕ್ಕ ಇಟ್ಟವನು ಹಿತ್ತಲಿನ ರಾಟೆಗೆ ಒಂದು ಹನಿ ಎಣ್ಣೆ ಬಿಟ್ಟಿರಲಿಲ್ಲ.

ಮರುದಿನ ಅಜ್ಜ–ಮೊಮ್ಮಗ ಕೂಡಿ ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದೆವು. ಉಸುಕು ಕಾಗದದಿಂದ ತಿಕ್ಕಿದೆವು. ಮೂರನೇ ದಿನ ಗಾಲಿ ಅಲುಗಾಡಿತು, ನಾಲ್ಕನೇ ದಿನ ತಿರುಗಿತು. ಹಿತ್ತಲಿನ ಪೇರಲ ಗಿಡದ ಕೊಂಬೆಗೆ ಕಟ್ಟಿ, ಹಗ್ಗ ಹಾಕಿ, ತುದಿಗೆ ಒಂದು ಬಕೆಟ್ ಬಿಗಿದೆವು. ಮೊಮ್ಮಗ ಹಗ್ಗ ಎಳೆದ. ಕಿರ್‍ರ್ ಎಂದಿತು.

ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು. ನಾನು ಎಣ್ಣೆಯ ಡಬ್ಬಿ ಎತ್ತಿಕೊಂಡೆ.

"ಸಾಕು ಬಿಡ್ರಿ," ಎಂದಳು. "ಇನ್ನ ಎಣ್ಣಿ ಹಾಕಬ್ಯಾಡ್ರಿ."

ರಜೆ ಮುಗಿದು ಅವರು ಬೆಂಗಳೂರಿಗೆ ಹೋದ ಮೇಲೆ ಕೀರ್ದಿ ಪುಸ್ತಕ ತೆಗೆದು ನೋಡಿದೆ. ವಿಕ್ರಮಾದಿತ್ಯನ ಖಾತೆಯಲ್ಲಿ 1986ರ ಎದುರಿಗೆ, ಸಾಲುಗಳ ಸಂದಿಯಲ್ಲಿ, ಮೊಮ್ಮಗ ತನ್ನ ಕೋಳಿಕಾಲು ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದ: "ಜಾಗ ಕೊಟ್ಟವರು – ಮುತ್ತಜ್ಜಿ ಮತ್ತು ನಾಲ್ಕು ಸಾವಿರ ಮನೆಯವರು." ಮುಂದಿನ ಹಾಳೆಯಲ್ಲಿ ಹೊಸ ಖಾತೆ ತೆಗೆದಿದ್ದ. ಹೆಸರು: ರಾಟೆ. ಹಳೆಯ ಯಜಮಾನರು: ಮುತ್ತಜ್ಜಿ. ಈಗಿನ ಯಜಮಾನರು: ಅಜ್ಜಿ. ಖರ್ಚು: ಸೀಮೆಎಣ್ಣೆ, ಉಸುಕು ಕಾಗದ, ಹಗ್ಗ, ಒಟ್ಟು ನೂರಾ ಹತ್ತು ರೂಪಾಯಿ. ಅದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟು, 'ಮುಂದಿನ ಯಜಮಾನರು' ಎಂದು ಬರೆದು, ತನ್ನ ಹೆಸರನ್ನು ಪೆನ್ಸಿಲ್ಲಿನಲ್ಲಿ ಹಾಕಿದ್ದ.